‘ಯಾವ ಕಾಲೇಜಾದರೇನು?’ ಎಂಬ ಮತದ ಖಂಡನೆ

ಪಿ.ಯು.ಸಿ. ಫಲಿತಾಂಶ ಹೊರಬಿದ್ದು, ವೈದ್ಯಕೀಯ ಪ್ರವೇಶಪರೀಕ್ಷೆಯ ಅಂಕಗಳು ಮನೆಯವರ ಆಸೆಯ ಮಟ್ಟವನ್ನು ಮುಟ್ಟಲಿಲ್ಲವೆಂಬುದು ಖಚಿತವಾದ ಮೇಲೆ, ನಮ್ಮ ನಾಡಿನ ಅಸಂಖ್ಯ ಕುಟುಂಬಗಳಲ್ಲಿ ಒಂದು ಸಮಾಲೋಚನೆ ನಡೆಯುತ್ತದೆ, ಸೋದರಮಾವನಾಗಲಿ, ಊರ ಮೇಷ್ಟರಾಗಲಿ, ಬೇಸಗೆಯಲ್ಲಿ ಮಾತ್ರ ಹಳ್ಳಿಗಳ ಕಡೆ ಕಾಣಿಸಿಕೊಳ್ಳುವ ಕಾಲೇಜು ಏಜೆಂಟರಾಗಲಿ ಅದರಲ್ಲಿ ಆಡುವ ತೀರ್ಮಾನದ ಮಾತು ಬಹುಮಟ್ಟಿಗೆ ಒಂದೇ: ‘ನರ್ಸಿಂಗಿಗೆ ಸೇರಿಸಿಬಿಡಿ, ಯಾವ ಕಾಲೇಜಾದರೇನು, ಸರ್ಟಿಫಿಕೇಟು ಒಂದೇ.’ ಹೀಗೆ ಹೇಳುವವರಲ್ಲಿ ಲಾಭದ ಮೇಲೆ ಕಣ್ಣಿಟ್ಟವರು ಕೆಲವರೇ. ಮಿಕ್ಕವರು ಆ ಹುಡುಗಿಯ ಅಥವಾ ಹುಡುಗನ ಹಿತವನ್ನು ಮನಃಪೂರ್ವಕವಾಗಿ ಬಯಸುವವರು. ಆದರೂ ಅದು ತಪ್ಪು ಮಾತು. ಅದರ ಫಲವನ್ನು ಉಣ್ಣತಕ್ಕವರು ಆ ಸಮಾಲೋಚನೆಯಲ್ಲಿ ಕುಳಿತವರಲ್ಲ, ನಾಲ್ಕೈದು ವರ್ಷಗಳ ಅನಂತರ ಯಾವುದೋ ಆಸ್ಪತ್ರೆಯ ವಾರ್ಡಿನಲ್ಲಿ ಮಲಗಲಿರುವ ಅಪರಿಚಿತರು. ತನಗೆ ಏನೂ ತಗಲದ ತಪ್ಪನ್ನು ಮನುಷ್ಯನು ಸುಲಭವಾಗಿ ಬಿಡುವುದಿಲ್ಲವಾದ್ದರಿಂದ, ಈ ಮತವನ್ನು ಬುಡದಿಂದ ಪರೀಕ್ಷಿಸುವುದು ಅವಶ್ಯವಾಗಿದೆ.

ಖಂಡನೆಗೆ ತೊಡಗುವವನು ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ಮುಂದಿಡತಕ್ಕದ್ದೆಂಬುದು ನಮ್ಮ ಶಾಸ್ತ್ರಕಾರರು ಪಾಲಿಸಿಕೊಂಡು ಬಂದ ಮರ್ಯಾದೆ. ಆ ಪ್ರಕಾರ ನೋಡಿದರೆ ಈ ಮತಕ್ಕೆ ಮೂರು ಆಧಾರಗಳಿವೆ. ರೋಗಿಯ ಆರೈಕೆಗೆ ಮುಖ್ಯವಾಗಿ ಬೇಕಾದದ್ದು ಕರುಣೆ ಮತ್ತು ತಾಳ್ಮೆ. ಅವು ಹುಟ್ಟಿನಿಂದ ಬರತಕ್ಕ ಗುಣಗಳು, ಹೆಣ್ಣುಮಕ್ಕಳಿಗಂತೂ ಸಹಜವಾದವು. ಕಾಲೇಜು ಬರಿಯ ನಿಮಿತ್ತಮಾತ್ರ ಎಂಬುದು ಮೊದಲನೆಯದು. ಪಠ್ಯಕ್ರಮ ಒಂದೇ, ಪ್ರಶ್ನಪತ್ರಿಕೆ ಒಂದೇ, ರಾಜ್ಯದ ಬಹುತೇಕ ನರ್ಸಿಂಗ್ ಕಾಲೇಜುಗಳಿಗೆ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ಒಂದೇ. ಹಾಗಿರುವಲ್ಲಿ ಒಂದು ಕಾಲೇಜಿಗೂ ಇನ್ನೊಂದಕ್ಕೂ ಭೇದವೆಣಿಸುವುದು ವ್ಯರ್ಥ ಎಂಬುದು ಎರಡನೆಯದು. ಈ ಓದಿನ ಗುರಿ ಗಲ್ಫಿನಲ್ಲೋ ಇಂಗ್ಲೆಂಡಿನಲ್ಲೋ ನೌಕರಿ. ಅದಕ್ಕೆ ಬೇಕಾದದ್ದು ನೋಂದಣಿಯ ಕಾಗದ. ಕಾಗದ ಎಲ್ಲಿ ಅಗ್ಗವಾಗಿ ದೊರಕುವುದೋ ಅಲ್ಲಿ ಕೊಳ್ಳುವುದೇ ವಿವೇಕ ಎಂಬುದು ಮೂರನೆಯದು. ಈ ಮೂರೂ ಬೇರೆಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ. ಶುಶ್ರೂಷೆಯೆಂಬುದು ವಿದ್ಯೆಯಲ್ಲ, ವೃತ್ತಿಯ ಹೆಸರು ಮಾತ್ರ ಎಂಬ ಭಾವನೆಯೇ ಆ ಬೇರು.

ಮೊದಲನೆಯ ಆಧಾರವನ್ನು ತೆಗೆದುಕೊಳ್ಳೋಣ. ಕರುಣೆಯೇ ಸಾಕೆಂಬುದು ಪ್ರಾಚೀನರ ಅಭಿಪ್ರಾಯವೆಂದು ಭಾವಿಸುವವರು ಚರಕಸಂಹಿತೆಯ ಸೂತ್ರಸ್ಥಾನವನ್ನು ತೆರೆದು ನೋಡಬಹುದು. ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ ಆ ಗ್ರಂಥವು ಪರಿಚಾರಕನಿಗೂ ನಾಲ್ಕು ಗುಣಗಳನ್ನು ವಿಧಿಸುತ್ತದೆ: ಉಪಚಾರದ ಜ್ಞಾನ, ದಕ್ಷತೆ, ಅನುರಾಗ, ಶೌಚ. ಜ್ಞಾನವು ಮೊದಲು, ಕೈಯ ನಿಪುಣತೆ ಎರಡನೆಯದು. ಪ್ರೀತಿಗೆ ದೊರೆತಿರುವುದು ಮೂರನೆಯ ಸ್ಥಾನ. ಪ್ರೀತಿಯನ್ನು ಅಲ್ಲಗಳೆಯದೆ, ಅದು ತಿಳಿವಳಿಕೆಯ ಹಿಂದೆ ನಡೆಯತಕ್ಕದ್ದೆಂದು ಅಷ್ಟು ಹಿಂದೆಯೇ ಕಂಡುಕೊಂಡ ನಾಡಿನಲ್ಲಿ, ಇಂದಿನ ವಿದ್ಯಾವಂತರು ಆ ಕ್ರಮವನ್ನು ತಲೆಕೆಳಗು ಮಾಡಿ ಅದನ್ನೇ ಸಂಪ್ರದಾಯವೆಂದು ಕರೆಯುತ್ತಿರುವುದು ವಿಚಿತ್ರ.

ದಾದಿಯರ ದಿನಾಚರಣೆಯ ವೇದಿಕೆಗಳಲ್ಲಿ ಪ್ರತಿವರ್ಷವೂ ಮೇ 12ರಂದು ಸ್ಮರಿಸಲ್ಪಡುವ ಫ್ಲಾರೆನ್ಸ್ ನೈಟಿಂಗೇಲಳ ಚರಿತ್ರೆಯೂ ಇದನ್ನೇ ಸಾರುತ್ತದೆ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ಆಕೆ ದಾದಿಯರ ತಂಡದೊಡನೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದಳು. ದೀಪ ಹಿಡಿದು ರಾತ್ರಿಯ ಹೊತ್ತು ರೋಗಿಗಳ ನಡುವೆ ಸಂಚರಿಸಿದಳು. ಅವಳ ಕರುಣೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಸಾವು ಕಡಮೆಯಾಗಲಿಲ್ಲ, ಏರಿತು. ಅದು ತೀವ್ರವಾಗಿ ಇಳಿದದ್ದು 1855ರ ಮಾರ್ಚಿನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದ ಅಡಿಯ ಚರಂಡಿಗಳನ್ನು ತೊಳೆಯಿಸಿ ಗಾಳಿಗೆ ದಾರಿ ಮಾಡಿದ ಮೇಲೆ. ಯುದ್ಧದಿಂದ ಹಿಂತಿರುಗಿದ ನೈಟಿಂಗೇಲಳು ಸೈನಿಕರ ಮರಣದ ಅಂಕಿಗಳನ್ನು ಒಟ್ಟುಗೂಡಿಸಿ, ಗಾಯಗಳಿಗಿಂತ ತಡೆಯಬಹುದಾಗಿದ್ದ ಸಾಂಕ್ರಾಮಿಕ ರೋಗಗಳೇ ಹೆಚ್ಚು ಮಂದಿಯನ್ನು ಕೊಂದವೆಂಬುದನ್ನು ಸರ್ಕಾರದ ಕಣ್ಣಿಗೆ ಕಟ್ಟುವಂತೆ ನಕ್ಷೆಗಳಲ್ಲಿ ತೋರಿಸಿದಳು. ಆಮೇಲೆ 1860ರಲ್ಲಿ ಲಂಡನ್ನಿನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ತರಬೇತಿ ಶಾಲೆ ಆರಂಭವಾಯಿತು. ಕರುಣೆಯೊಂದೇ ಸಾಕಾಗಿದ್ದ ಪಕ್ಷದಲ್ಲಿ ಶಾಲೆಯ ಅಗತ್ಯವೇ ಇರಲಿಲ್ಲ. ಸಾಲದೆಂಬುದನ್ನು ಅವಳಿಗಿಂತ ಕಠೋರವಾಗಿ ಕಲಿತವರು ವಿರಳ.

ಇದು ಹಳೆಯ ಯುದ್ಧದ ಮಾತಾಯಿತೆನ್ನುವವರಿಗೆ ಇಂದಿನ ವಾರ್ಡಿನಿಂದಲೇ ಒಂದು ದೃಷ್ಟಾಂತವನ್ನು ಕೊಡಬಹುದು. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ: ಒಂದರ ಪ್ರತಿ ಮಿಲಿಲೀಟರಿನಲ್ಲಿ 40 ಯೂನಿಟ್, ಇನ್ನೊಂದರಲ್ಲಿ 100 ಯೂನಿಟ್, ಒಂದೊಂದಕ್ಕೂ ಬೇರೆ ಗುರುತಿನ ಸಿರಿಂಜು. ನೂರರ ಔಷಧವನ್ನು ನಲವತ್ತರ ಸಿರಿಂಜಿನಲ್ಲಿ ಗುರುತು ನೋಡಿ ಎಳೆದ ದಾದಿಯು ರೋಗಿಗೆ ಎರಡೂವರೆ ಪಟ್ಟು ಔಷಧವನ್ನು ಚುಚ್ಚಿರುತ್ತಾಳೆ. ರಕ್ತದ ಸಕ್ಕರೆ ಕುಸಿದು, ಬೆವರಿ, ಪ್ರಜ್ಞೆ ತಪ್ಪುವ ಆ ರೋಗಿಯ ಪಕ್ಕದಲ್ಲಿ ಅವಳು ಎಷ್ಟು ಮರುಗಿದರೂ ಮೊದಲೇ ಸಿರಿಂಜನ್ನು ನೋಡಬೇಕಾಗಿದ್ದ ಕಣ್ಣಿನ ಕೆಲಸವನ್ನು ಆ ಮರುಕ ಮಾಡಲಾರದು. ಪೊಟ್ಯಾಸಿಯಂ ಕ್ಲೋರೈಡನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದೆಂಬುದನ್ನೂ, ಡಿಗಾಕ್ಸಿನ್ ಕೊಡುವ ಮುನ್ನ ಒಂದು ಪೂರ್ಣ ನಿಮಿಷ ನಾಡಿಯನ್ನು ಎಣಿಸತಕ್ಕದ್ದೆಂಬುದನ್ನೂ ಯಾವ ತಾಯಿಯ ಹೃದಯವೂ ತಾನಾಗಿ ಅರಿಯದು.

ಕರುಣೆಯ ಪಕ್ಷದವರು ಅರುಣಾ ಶಾನಭಾಗರ ವೃತ್ತಾಂತವನ್ನು ತಮ್ಮ ಕಡೆಯ ಸಾಕ್ಷಿಯೆಂದು ಕರೆಯುವುದುಂಟು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಆಕೆ, 1973ರ ನವೆಂಬರಿನಲ್ಲಿ ಅಲ್ಲಿಯೇ ಕ್ರೂರ ಹಲ್ಲೆಗೆ ತುತ್ತಾಗಿ, 2015ರ ಮೇ ತಿಂಗಳಲ್ಲಿ ಕೊನೆಯುಸಿರೆಳೆಯುವವರೆಗೆ ಅದೇ ಆಸ್ಪತ್ರೆಯ ದಾದಿಯರ ಆರೈಕೆಯಲ್ಲಿದ್ದರು. ಸರ್ವೋಚ್ಚ ನ್ಯಾಯಾಲಯದಲ್ಲಿ ಆಕೆಯ ವಿಷಯದ ವಿಚಾರಣೆ ನಡೆದಾಗ, ಅಷ್ಟು ದೀರ್ಘಕಾಲ ಮಲಗಿದ್ದವರಿಗೆ ಹಾಸಿಗೆಹುಣ್ಣಾಗದಂತೆ ಕಾಪಾಡಲಾಗಿತ್ತೆಂಬ ಮಾತು ಬಂದಿತು. ಆ ದಾದಿಯರ ಪ್ರೀತಿಯ ಮುಂದೆ ತಲೆಬಾಗದವರಾರು? ಆದರೆ ಹಾಸಿಗೆಹುಣ್ಣು ಪ್ರೀತಿಗೆ ಹೆದರುವ ವ್ಯಾಧಿಯಲ್ಲ. ನಿಯತಕಾಲದಲ್ಲಿ ಮಗ್ಗುಲು ಬದಲಿಸುವುದು, ಬೆನ್ನಿನ ಕೆಳಗೂ ಹಿಮ್ಮಡಿಯಲ್ಲೂ ಚರ್ಮ ಕೆಂಪೇರಿತೇ ಎಂದು ಪ್ರತಿದಿನ ನೋಡುವುದು, ತೇವ ನಿಲ್ಲದಂತೆ ಮಾಡುವುದು, ಆಹಾರದಲ್ಲಿ ಸಾರ ಕುಂದದಂತೆ ನೋಡುವುದು, ಇವೆಲ್ಲವನ್ನೂ ಒಂದು ಪಾಳಿಯವರು ಮುಂದಿನ ಪಾಳಿಗೆ ತಪ್ಪದೆ ಒಪ್ಪಿಸುವುದು, ಹೀಗೆ ವ್ಯವಸ್ಥಿತವಾದ ವಿದ್ಯೆಯಿಂದ ಮಾತ್ರ ಅದನ್ನು ದೂರವಿಡಲು ಸಾಧ್ಯ. ಆ ಮಹತ್ಕಾರ್ಯವನ್ನು ಬರಿಯ ಕರುಣೆಯೆಂದು ಕರೆಯುವುದು ಅದನ್ನು ಮಾಡಿದವರ ಪಾಂಡಿತ್ಯವನ್ನು ಕಸಿದುಕೊಂಡಂತೆ. ಇದೇ ತತ್ತ್ವಕ್ಕೆ ಅಂಕಿಯ ಪ್ರಮಾಣವೂ ಇದೆ: ಲಿಂಡಾ ಐಕೆನ್ ಮತ್ತು ಸಂಗಡಿಗರು ಯೂರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೊಳಗಾದ ನಾಲ್ಕು ಲಕ್ಷಕ್ಕೂ ಮೀರಿದ ರೋಗಿಗಳನ್ನು ಕುರಿತು 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವೀಧರ ದಾದಿಯರ ಪ್ರಮಾಣವು ಶೇಕಡಾ 10ರಷ್ಟು ಹೆಚ್ಚಿದ ಕಡೆ ರೋಗಿಯು 30 ದಿನಗಳೊಳಗೆ ಸಾಯುವ ಸಂಭವ ಶೇಕಡಾ 7ರಷ್ಟು ಕಡಮೆಯಾಗಿ ಕಂಡಿತು, ಒಬ್ಬ ದಾದಿಯ ಪಾಲಿಗೆ ಬೀಳುವ ರೋಗಿಗಳಲ್ಲಿ ಒಬ್ಬರು ಹೆಚ್ಚಾದರೆ ಅದೇ ಸಂಭವ ಶೇಕಡಾ 7ರಷ್ಟು ಏರಿತು. ಎಲ್ಲ ದೇಶಗಳ ದಾದಿಯರಲ್ಲೂ ಕರುಣೆ ಇದ್ದಿರಲೇಬೇಕು. ಸಾವುಬದುಕಿನ ಲೆಕ್ಕದಲ್ಲಿ ಭೇದ ಕಂಡದ್ದು ಓದಿನ ಕಡೆಯಲ್ಲಿ, ಕೆಲಸದ ಹೊರೆಯ ಕಡೆಯಲ್ಲಿ.

ಇನ್ನು ಎರಡನೆಯ ಆಧಾರ. ಪ್ರಶ್ನಪತ್ರಿಕೆ ಒಂದೇ ಎಂಬುದು ನಿಜ. ಅದರಿಂದ ವಿದ್ಯೆಯೂ ಒಂದೇ ಎಂಬ ಅನುಮಾನ ಹುಟ್ಟುವುದಿಲ್ಲ. ಹೆರಿಗೆಯಾದ ಮೇಲೆ ಗರ್ಭಕೋಶವು ಸಂಕೋಚಗೊಳ್ಳದೆ ಮೆತ್ತಗಿದ್ದರೆ ರಕ್ತಸ್ರಾವದ ಭಯವುಂಟೆಂದು ಪುಸ್ತಕ ಓದಿದ ಯಾರಾದರೂ ಬರೆದು ಐದು ಅಂಕ ಪಡೆಯಬಹುದು. ಆದರೆ ಮೆತ್ತಗಿರುವುದೆಂದರೆ ಹೇಗಿರುತ್ತದೆಂಬುದನ್ನು ಬಾಣಂತಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟು, ಗಟ್ಟಿಯಾದದ್ದನ್ನೂ ಆಗದ್ದನ್ನೂ ಹಲವು ಸಲ ಹೋಲಿಸಿ ನೋಡಿದ ಕೈಯೇ ಅರಿಯಬಲ್ಲದು. ಉಸಿರಾಟದ ಎಣಿಕೆಯನ್ನೇ ನೋಡಿ. ರೋಗಿಯ ಸ್ಥಿತಿ ಕೆಡುತ್ತಿರುವುದನ್ನು ಬಹುಬೇಗ ಸೂಚಿಸುವ ಲಕ್ಷಣಗಳಲ್ಲಿ ಅದೊಂದು. ಹಾಗೆಯೇ ಅತ್ಯಂತ ಉಪೇಕ್ಷಿತವಾದದ್ದೂ ಅದೇ. ನಿಂತು, ಗಡಿಯಾರ ನೋಡಿ, ಎದೆಯ ಏರಿಳಿತವನ್ನು ಒಂದು ನಿಮಿಷ ಎಣಿಸುವ ಬದಲು, ಸಾಲಾಗಿ ಎಲ್ಲ ರೋಗಿಗಳ ಪಟ್ಟಿಯಲ್ಲೂ 20 ಎಂದು ಬರೆದುಬಿಡುವ ಅಭ್ಯಾಸ ಎಷ್ಟೋ ಆಸ್ಪತ್ರೆಗಳಲ್ಲಿದೆ. ಎಣಿಸದೆ ಬರೆಯುವುದನ್ನು ವಿದ್ಯಾರ್ಥಿನಿ ಪುಸ್ತಕದಿಂದ ಕಲಿಯುವುದಿಲ್ಲ. ಎಣಿಸಿ ಬರೆಯುವುದನ್ನೂ ಪುಸ್ತಕದಿಂದ ಕಲಿಯುವುದಿಲ್ಲ. ಎರಡನ್ನೂ ಅವಳು ಕಲಿಯುವುದು ವಾರ್ಡಿನಲ್ಲಿ, ತನಗಿಂತ ಮೊದಲು ಬಂದವರನ್ನು ನೋಡಿ.

ಈ ಸತ್ಯವನ್ನು ನಮ್ಮ ಆಡಳಿತವು ಕಾಣದೆ ಇರಲಿಲ್ಲ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು ತನ್ನ ವರದಿಯನ್ನಿತ್ತ 1946ರಲ್ಲಿಯೇ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ನರ್ಸಿಂಗಿನ ಪದವಿ ಶಿಕ್ಷಣ ಆರಂಭವಾಯಿತು. ಸ್ವಾತಂತ್ರ್ಯ ಬಂದ ವರ್ಷ ಮುಗಿಯುವುದರೊಳಗೆ, ದೇಶವು ವಿಭಜನೆಯ ಸಂಕಟದಲ್ಲಿ ಬೇಯುತ್ತಿದ್ದಾಗಲೂ, ತರಬೇತಿಯ ಮಟ್ಟವನ್ನು ಕಾಯುವುದಕ್ಕಾಗಿ 1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಅಧಿನಿಯಮ ಜಾರಿಗೆ ಬಂದಿತು. ಅದರ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ನಿಲ್ಲಿಸುವ ಕಾನೂನು 2023ರಲ್ಲಿ ಆಗಿದೆ. ಕಾಲೇಜಿಗೆ 100 ಹಾಸಿಗೆಗಳ ಸ್ವಂತ ಆಸ್ಪತ್ರೆ ಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಇರಬೇಕು ಎಂಬ ಮಾನದಂಡವನ್ನು ಪರಿಷತ್ತು ಇಟ್ಟದ್ದು ಸುಮ್ಮನೆ ಅಲ್ಲ. ರೋಗಿಯಿಲ್ಲದ ಕಡೆ ಈ ವಿದ್ಯೆ ಇರಲಾರದೆಂಬ ಕಾರಣದಿಂದ. ಕಾಗದದ ಮೇಲೆ ಮಾತ್ರ ಹಾಸಿಗೆಗಳನ್ನು ಹೊಂದಿ, ತಪಾಸಣೆಯ ದಿನ ಅವುಗಳ ಮೇಲೆ ಆರೋಗ್ಯವಂತರನ್ನು ಮಲಗಿಸುವ ಸಂಸ್ಥೆಗಳ ವಿಷಯವನ್ನು ಕೇಳದವರು ಈ ಕ್ಷೇತ್ರದಲ್ಲಿ ಯಾರೂ ಇಲ್ಲ. ಅಲ್ಲಿ ನಾಲ್ಕು ವರ್ಷ ಕಳೆದವಳಿಗೂ, ದೊಡ್ಡ ಆಸ್ಪತ್ರೆಯೊಂದರ ತುಂಬಿದ ವಾರ್ಡುಗಳಲ್ಲಿ ನಾಲ್ಕು ವರ್ಷ ಕಳೆದವಳಿಗೂ ಪದವಿಪತ್ರ ಒಂದೇ ಎನ್ನುವುದು, ಪದವಿಪತ್ರದ ದೌರ್ಬಲ್ಯಕ್ಕೆ ಸಾಕ್ಷಿಯಾಗಬಲ್ಲುದೇ ಹೊರತು ವಿದ್ಯೆಗಳ ಸಮಾನತೆಗೆ ಅಲ್ಲ.

ಮೂರನೆಯ ಆಧಾರವು ತನ್ನನ್ನು ತಾನೇ ಕಡಿದುಹಾಕುತ್ತದೆ. ಹೊರದೇಶಕ್ಕೆ ಹೋಗಬಯಸುವುದು ತಪ್ಪಲ್ಲ. ತನ್ನ ದುಡಿಮೆಗೆ ತಕ್ಕ ಬೆಲೆಯನ್ನೂ ಗೌರವವನ್ನೂ ಅರಸಿ ಹೋದ ದಾದಿಯನ್ನು, ಅವೆರಡನ್ನೂ ಕೊಡದ ನಾಡು ದೂಷಿಸಲು ಅಧಿಕಾರ ಪಡೆದಿಲ್ಲ. ಆದರೆ ಆ ದಾರಿಗೆ ಕಾಗದ ಸಾಕೆಂಬುದು ಏಜೆಂಟರ ಕಲ್ಪನೆ. ಅಮೆರಿಕದ ನೋಂದಣಿಗೆ ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯು ಉತ್ತರಕ್ಕೆ ತಕ್ಕಂತೆ ಮುಂದಿನ ಪ್ರಶ್ನೆಯ ಕಾಠಿಣ್ಯವನ್ನು ಬದಲಿಸುತ್ತ 85ರಿಂದ 150 ಪ್ರಶ್ನೆಗಳವರೆಗೆ ನಡೆಯುತ್ತದೆ. ಅದು ಕೇಳುವುದು ಕಂಠಪಾಠದ ವ್ಯಾಖ್ಯೆಗಳನ್ನಲ್ಲ, ಏಕಕಾಲದಲ್ಲಿ ಕರೆಯುವ ನಾಲ್ವರು ರೋಗಿಗಳಲ್ಲಿ ಮೊದಲು ಯಾರ ಬಳಿಗೆ ಹೋಗತಕ್ಕದ್ದೆಂಬ ನಿರ್ಣಯವನ್ನು. ಇಂಗ್ಲೆಂಡಿನವರು ಗಣಕಯಂತ್ರದ ಪರೀಕ್ಷೆಯಷ್ಟಕ್ಕೆ ತೃಪ್ತರಾಗದೆ, ಪರೀಕ್ಷಕರ ಕಣ್ಣೆದುರಿನಲ್ಲಿ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಯನ್ನೂ ಇಟ್ಟಿದ್ದಾರೆ. ವಾರ್ಡನ್ನು ಕಾಣದೆ ಪದವಿ ಪಡೆದವಳು ಈ ದ್ವಾರಗಳ ಮುಂದೆ ನಿಂತಾಗ, ಅಗ್ಗದ ಕಾಲೇಜಿನಲ್ಲಿ ಉಳಿಸಿದ ಹಣ ತರಬೇತಿ ಕೇಂದ್ರಗಳ ಶುಲ್ಕವಾಗಿ ಸೋರಿಹೋಗುತ್ತದೆ. ಹೊರದೇಶದ ಆಸೆಯುಳ್ಳವರೇ ಎಲ್ಲರಿಗಿಂತ ಹೆಚ್ಚು ಎಚ್ಚರಿಕೆಯಿಂದ ಕಾಲೇಜನ್ನು ಆರಿಸಬೇಕಾಗಿತ್ತು.

ಹಾಗಾದರೆ ಆರಿಸುವ ಬಗೆ ಯಾವುದು? ಗಾಜಿನ ಮುಂಭಾಗವನ್ನೂ ಬಣ್ಣದ ಕೈಪಿಡಿಯನ್ನೂ ನಂಬಿ ಕಾಲೇಜನ್ನು ಆರಿಸುವುದು ಕೊರಳ ಗಂಟೆಯ ನಾದಕ್ಕೆ ಮರುಳಾಗಿ ಹಸುವನ್ನು ಕೊಂಡಂತೆ. ನೋಡಬೇಕಾದದ್ದು ಆಸ್ಪತ್ರೆಯನ್ನು. ಕೆಲಸದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಹೇಳದೆ ಹೋಗಿ, ಹೊರರೋಗಿಗಳ ಸಾಲು ಎಷ್ಟು ಉದ್ದವಿದೆ, ಒಳಗಿನ ಹಾಸಿಗೆಗಳಲ್ಲಿ ಎಷ್ಟು ತುಂಬಿವೆ, ತಿಂಗಳಿಗೆ ಹೆರಿಗೆಗಳೆಷ್ಟು, ತುರ್ತುಚಿಕಿತ್ಸೆಯ ವಿಭಾಗವು ರಾತ್ರಿಯೂ ತೆರೆದಿರುವುದೇ ಎಂದು ವಿಚಾರಿಸಬೇಕು. ಸ್ವಂತ ಆಸ್ಪತ್ರೆ ಚಿಕ್ಕದಾದರೆ ವಿದ್ಯಾರ್ಥಿಗಳ ಪೋಸ್ಟಿಂಗ್ ಯಾವ ಜಿಲ್ಲಾ ಆಸ್ಪತ್ರೆಯಲ್ಲಿ, ಎಷ್ಟು ವಾರ, ಯಾರ ಮೇಲ್ವಿಚಾರಣೆಯಲ್ಲಿ ಎಂಬುದನ್ನು ಕೇಳಬೇಕು. ಅಧ್ಯಾಪಕರು ವಾರ್ಡಿಗೆ ಬರುತ್ತಾರೋ, ಹಾಜರಿ ಪುಸ್ತಕಕ್ಕೆ ಮಾತ್ರ ಬರುತ್ತಾರೋ ಎಂಬುದನ್ನು ಪ್ರಾಂಶುಪಾಲರಿಗಿಂತ ಹಾಸ್ಟೆಲಿನ ಮೂರನೆಯ ವರ್ಷದ ವಿದ್ಯಾರ್ಥಿನಿ ನಿಜವಾಗಿ ಹೇಳಬಲ್ಲಳು. ವಿಶ್ವವಿದ್ಯಾಲಯದ ಸಂಯೋಜನೆಯನ್ನೂ ರಾಜ್ಯ ಶುಶ್ರೂಷಾ ಪರಿಷತ್ತಿನ ಮಾನ್ಯತೆಯನ್ನೂ ಆ ವರ್ಷದ ಪಟ್ಟಿಯಲ್ಲಿಯೇ ನೋಡಬೇಕು; ಒಟ್ಟು ಶುಲ್ಕವನ್ನು ಬರಹದಲ್ಲಿ ಪಡೆಯಬೇಕು; ಅಸಲು ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಸಂಸ್ಥೆಯಿಂದ ಆ ಕ್ಷಣವೇ ಎದ್ದುಬರಬೇಕು. ‘ಹಾಜರಾತಿಯ ಚಿಂತೆ ಬೇಡ, ಪರೀಕ್ಷೆಗೆ ಬಂದರೆ ಸಾಕು’ ಎಂದವರು ವಿದ್ಯಾರ್ಥಿಗೆ ಉಪಕಾರ ಮಾಡುತ್ತಿಲ್ಲ. ಮುಂದೆ ಅವಳ ಕೈಗೆ ಸಿಕ್ಕುವ ರೋಗಿಗೆ ಅಪಕಾರವನ್ನು ಸಂಕಲ್ಪಿಸುತ್ತಿದ್ದಾರೆ.

ರೋಗಿಗಳು ತುಂಬಿದ್ದರೆ ಸಾಕೆಂದೂ ತಿಳಿಯಬಾರದು. ಸಂಬಳದ ದಾದಿಯರನ್ನು ನೇಮಿಸುವ ಬದಲು ವಿದ್ಯಾರ್ಥಿನಿಯರನ್ನೇ ರಾತ್ರಿಯ ಪಾಳಿಗೆ ಹಚ್ಚಿ, ಅದನ್ನೇ ಅನುಭವವೆಂದು ಕರೆಯುವ ಸಂಸ್ಥೆಗಳೂ ಇವೆ. ತಪ್ಪನ್ನು ತಿದ್ದುವವರು ಪಕ್ಕದಲ್ಲಿಲ್ಲದ ಅನುಭವವು ತಪ್ಪನ್ನೇ ಅಭ್ಯಾಸವಾಗಿಸುತ್ತದೆ. ಕೆಲಸಕ್ಕೂ ಕಲಿಕೆಗೂ ಇರುವ ಅಂತರವನ್ನು ತೋರಿಸುವವಳು ವಾರ್ಡಿನಲ್ಲಿ ನಿಂತ ಅಧ್ಯಾಪಕಿ. ಅವಳಿಲ್ಲದ ಕಡೆ ಸಾವಿರ ಹಾಸಿಗೆಗಳಿದ್ದರೂ ಅದು ಶಾಲೆಯಲ್ಲ.

ಸೇರಿದ ಮೇಲೆ ಓದನ್ನು ಪೂರೈಸುವ ವಿಷಯದಲ್ಲಿಯೂ ಒಂದು ಮಿಥ್ಯಾಮತ ಪ್ರಚಾರದಲ್ಲಿದೆ: ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷಿನ ಶರೀರರಚನಾಶಾಸ್ತ್ರದ ಮುಂದೆ ನಿಲ್ಲಲಾರರೆಂಬುದು. ಮೊದಲ ವರ್ಷ ಅವರಿಗೆ ಕಠಿನವೆಂಬುದು ದಿಟ. ಎಲುಬುಗಳ ಹೆಸರೂ ಔಷಧಗಳ ಹೆಸರೂ ಒಟ್ಟಿಗೆ ಮೇಲೆ ಬೀಳುತ್ತವೆ, ಮೊದಲ ಆಂತರಿಕ ಪರೀಕ್ಷೆಯಲ್ಲಿ ಅನೇಕರು ಎದೆಗುಂದುತ್ತಾರೆ. ಆದರೆ ವಾರ್ಡಿಗೆ ಕಾಲಿಟ್ಟಾಗ ತಕ್ಕಡಿ ತಿರುಗುತ್ತದೆ. ಕಲಬುರಗಿಯ ಕೂಲಿಕಾರನೂ ಕೊಪ್ಪದ ಅಜ್ಜಿಯೂ ತಮ್ಮ ನೋವನ್ನು ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಿಲ್ಲ. ಯಾವಾಗಿನಿಂದ, ಎಲ್ಲಿ, ಏನು ತಿಂದ ಮೇಲೆ ಎಂಬ ವಿವರ ಹೊರಬರುವುದು ಅವರ ಮಾತನ್ನು ಅರಿತ ಕಿವಿಗೆ. ಕೇರಳದಿಂದ ಬಂದ ಎಷ್ಟೋ ವಿದ್ಯಾರ್ಥಿನಿಯರು ಪಾಠದ ಜೊತೆಯಲ್ಲಿ ಕನ್ನಡವನ್ನೂ ಕಲಿತು ಈ ಬಲವನ್ನು ಸಂಪಾದಿಸಿಕೊಳ್ಳುತ್ತಾರೆ. ಅದನ್ನು ಹುಟ್ಟಿನಿಂದಲೇ ಪಡೆದವರು ತಮ್ಮನ್ನು ಕೀಳೆಂದು ಎಣಿಸುವುದು ವಿಪರ್ಯಾಸ. ಅವರಿಗೆ ಬೇಕಾದದ್ದು ಮೊದಲ ವರ್ಷದಲ್ಲಿ ಪ್ರತಿದಿನ ಒಂದಿಷ್ಟು ಇಂಗ್ಲಿಷಿನ ಅಭ್ಯಾಸ, ಅದನ್ನು ನಡೆಸುವ ತಾಳ್ಮೆಯುಳ್ಳ ಅಧ್ಯಾಪಕರು. ಇದನ್ನು ಕೊಡುವ ಕಾಲೇಜು ಯಾವುದೆಂದು ಕೇಳುವುದೂ ಆಯ್ಕೆಯ ಒಂದು ಭಾಗ. ರಾತ್ರಿಪಾಳಿಯ ದಣಿವು, ಕಣ್ಣೆದುರಿನ ಮೊದಲ ಸಾವು, ಹಿರಿಯರ ಗದರಿಕೆ, ಇವುಗಳಿಂದ ನಡುವೆಯೇ ಬಿಟ್ಟುಹೋಗುವವರನ್ನು ‘ಸಹನೆಯಿಲ್ಲದವರು’ ಎಂದು ತಳ್ಳಿಹಾಕುವುದೂ ಅದೇ ಕರುಣಾವಾದದ ಶಾಖೆ. ಹುಟ್ಟುಗುಣವೇ ಎಲ್ಲವೂ ಎಂದ ಮೇಲೆ, ಸೋತವರ ಹುಟ್ಟನ್ನು ದೂರುವುದಲ್ಲದೆ ಕಲಿಸುವ ಕ್ರಮವನ್ನು ತಿದ್ದುವ ಪ್ರಮೇಯವೇ ಬರುವುದಿಲ್ಲವಷ್ಟೆ.

ಕೊನೆಯದಾಗಿ ಒಂದು ಆಕ್ಷೇಪವುಂಟು; ಅದು ಮಿಕ್ಕವುಗಳಿಗಿಂತ ಗೌರವಕ್ಕೆ ಅರ್ಹವಾದದ್ದು. ಎರಡೆಕರೆ ಒಣಭೂಮಿಯವನು ಹತ್ತು ಕಾಲೇಜುಗಳನ್ನು ಸುತ್ತಿ ಆರಿಸಲು ಸಾಧ್ಯವೇ, ಅವನಿಗೆ ದೊರೆತದ್ದೇ ಭಾಗ್ಯವಲ್ಲವೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರವೇನೆಂದರೆ, ಬಡವನು ಅಗ್ಗದ ಕಾಲೇಜನ್ನು ಆರಿಸಿದಾಗ ಅಗ್ಗವೇ ದೊರಕಿತೆಂಬ ನಿಯಮವಿಲ್ಲ. ಸರ್ಕಾರಿ ಕಾಲೇಜಿನ ಸೀಟಿಗೆ ಪ್ರಯತ್ನಿಸದೆ ಏಜೆಂಟನಿಗೆ ದಲಾಲಿ ತೆತ್ತವರ ಸಂಖ್ಯೆ ಸಣ್ಣದಲ್ಲ. ದೊಡ್ಡ ಸರ್ಕಾರಿ ಆಸ್ಪತ್ರೆಗೆ ಸೇರಿದ ಶಾಲೆಯಲ್ಲಿ ಕಟ್ಟಡ ಹಳೆಯದಿರಬಹುದು, ರೋಗಿಗಳಿಗೆ ಕೊರತೆಯಿಲ್ಲ. ಪದವಿಗೆ ದಾರಿಯಿಲ್ಲದವನು ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾವನ್ನು ಒಳ್ಳೆಯ ಆಸ್ಪತ್ರೆಯಲ್ಲಿ ಮುಗಿಸಿ, ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಪದವಿಗೆ ಹೋಗಬಹುದು. ರೋಗಿಗಳಿಲ್ಲದ ಕಾಲೇಜಿನ ನಾಲ್ಕು ವರ್ಷಕ್ಕಿಂತ ಆ ಐದು ವರ್ಷ ಸಾವಿರ ಪಾಲು ಮೇಲು.

ಆದ್ದರಿಂದ ನಿರ್ಣಯವಿದು. ತಂದೆತಾಯಿಗಳು ಶುಲ್ಕವನ್ನು ವಿಚಾರಿಸುವ ಮೊದಲು ವಾರ್ಡನ್ನು ವಿಚಾರಿಸತಕ್ಕದ್ದು. ಪರಿಷತ್ತೂ ವಿಶ್ವವಿದ್ಯಾಲಯವೂ ಪ್ರತಿಯೊಂದು ಕಾಲೇಜಿನ ಹಾಸಿಗೆಗಳಲ್ಲಿ ವರ್ಷವಿಡೀ ಇದ್ದ ರೋಗಿಗಳ ಸಂಖ್ಯೆಯನ್ನೂ ಹೆರಿಗೆಗಳ ಸಂಖ್ಯೆಯನ್ನೂ ಪ್ರವೇಶಕ್ಕೆ ಮೊದಲೇ ಎಲ್ಲರೂ ನೋಡುವಂತೆ ಪ್ರಕಟಿಸತಕ್ಕದ್ದು. ಅದನ್ನು ತೋರಿಸಲಾರದ ಕಾಲೇಜಿಗೆ ವಿದ್ಯಾರ್ಥಿಗಳನ್ನು ಕೊಡತಕ್ಕದ್ದಲ್ಲ. ಮಗಳನ್ನು ಯಾವ ಕಾಲೇಜಿಗಾದರೂ ಸೇರಿಸಬಹುದೆನ್ನುವ ತಂದೆಯೂ ತನ್ನ ಹೃದಯದ ಶಸ್ತ್ರಚಿಕಿತ್ಸೆಯಾದ ರಾತ್ರಿ ಯಾವ ದಾದಿಯಾದರೇನೆಂದು ಹೇಳಲಾರನು. ಆ ರಾತ್ರಿ ಅವನು ಬಯಸುವ ದಾದಿಯನ್ನು ತಯಾರು ಮಾಡುವ ಕಾಲೇಜಿಗೇ ಅವನು ತನ್ನ ಮಗಳನ್ನು ಕಳುಹಿಸಬೇಕಾದದ್ದು.